ಅಪ್ಪನ ಹೆಸರಿನಲ್ಲಿ ಹಾಕಿದ ಸಹಿ

ಆ ಸ್ಟೀಲ್ ಬೀರುವಿಗೆ ಎರಡು ಕೀಲಿಕೈಗಳಿದ್ದವು. ಒಂದು ನನ್ನ ಹತ್ತಿರ, ಇನ್ನೊಂದು ನಮ್ಮ ಪ್ರೊಫೆಸರರ ಹತ್ತಿರ. ಅಹಮದಾಬಾದಿನ ನಮ್ಮ ಸಂಶೋಧನಾ ಸಂಸ್ಥೆಯಲ್ಲಿ ನನ್ನ ಮೇಜಿನ ಡ್ರಾಯರಿಗೆ ಬೀಗವಿರಲಿಲ್ಲ. ಬೀಗ ಬೇಕೆಂದರೆ ಆಫೀಸಿನವರು ಅರ್ಜಿ ಕೊಡಿ ಎನ್ನುತ್ತಿದ್ದರು. ಅರ್ಜಿ ಕೊಟ್ಟರೆ ಡ್ರಾಯರಿನಲ್ಲಿ ಅಂಥದ್ದೇನಿದೆ ಎಂದು ಕೇಳುತ್ತಿದ್ದರು. ಏನಿದೆ ಎಂದು ಹೇಳುವ ಹಾಗಿದ್ದರೆ ಬೀಗ ಏಕೆ ಬೇಕಿತ್ತು? ಹಾಗಾಗಿ ನನ್ನ ನೋಟ್‌ಬುಕ್ಕುಗಳನ್ನು ಪ್ರೊಫೆಸರರ ಕೋಣೆಯ ಬೀರುವಿನಲ್ಲಿಡುವುದು ಎಂದಾಯಿತು.

ತೊಂಬತ್ತರ ದಶಕದ ನಡುಭಾಗ. ಸಂವಿಧಾನಕ್ಕೆ ತಿದ್ದುಪಡಿಯಾಗಿ, ಪಂಚಾಯಿತಿಗಳಲ್ಲಿ ಮೂರನೇ ಒಂದು ಭಾಗ ಸ್ಥಾನಗಳು ಹೆಂಗಸರಿಗೆ ಮೀಸಲಾಗಿ, ಗುಜರಾತಿನಲ್ಲಿ ಅದರ ಪ್ರಕಾರ ಮೊದಲ ಚುನಾವಣೆ ಮುಗಿದಿತ್ತು. ದೆಹಲಿಯಲ್ಲಿ ಬರೆದ ಒಂದು ವಾಕ್ಯ ಸೂರತ್ ಜಿಲ್ಲೆಯ ಹಳ್ಳಿಯೊಂದರ ಪಂಚಾಯಿತಿ ಮೆಟ್ಟಿಲು ಹತ್ತಿದಾಗ ಅದರ ಗತಿ ಏನಾಗುತ್ತದೆ ಎಂದು ನೋಡಿ ಬರೆಯುವುದು ನನ್ನ ಕೆಲಸ. ಗೆದ್ದ ಹೆಂಗಸರನ್ನು ಹುಡುಕಿಕೊಂಡು ಹೋಗಿ ಒಬ್ಬೊಬ್ಬರ ಹತ್ತಿರ ಕನಿಷ್ಠ ಮೂರು ಸಲ ಮಾತಾಡಬೇಕು. ಮೊದಲ ಸಲ ಅವರು ಗಂಡಸರು ಹೇಳಿಕೊಟ್ಟದ್ದನ್ನು ಹೇಳುತ್ತಾರೆ, ಎರಡನೇ ಸಲ ನಮಗೆ ಹಿಡಿಸೀತು ಎಂದು ತೋಚಿದ್ದನ್ನು. ಮೂರನೇ ಸಲ ನಮ್ಮ ಕಾಟ ತಡೆಯಲಾರದೆ ನಿಜ ಹೇಳುತ್ತಾರೆ. ಇದು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಬಸ್ಸು ಹತ್ತಿ ಇಳಿದು ನಾನು ಕಲಿತದ್ದು.

ಪ್ರೊಫೆಸರರು ಧಾರವಾಡದವರು. ನಾನು ತುಮಕೂರಿನವಳು, ಗಂಡನ ಬ್ಯಾಂಕಿನ ವರ್ಗಾವಣೆಯ ಬೆನ್ನು ಹತ್ತಿ ವಡೋದರಾಕ್ಕೆ ಬಂದವಳು. ಗಂಡನ ಶಾಖೆ ಅಲ್ಕಾಪುರಿಯಲ್ಲಿ, ಮನೆಯೂ ಅಲ್ಲೇ ಹತ್ತಿರ. ಬೆಳಗಿನ ರೈಲಿನಲ್ಲಿ ಅಹಮದಾಬಾದಿಗೆ ಹೋಗಿ ಸಂಜೆ ವಾಪಸು ಬರುತ್ತಿದ್ದೆ. ಸಂಸ್ಥೆಯಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೆ ಮಾತ್ರ. ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರು ಅವರೇ, ಪಂಚಾಯಿತಿ ಕಾನೂನನ್ನು ಸಾಲು ಸಾಲಾಗಿ ಓದುವುದನ್ನು ಕಲಿಸಿದವರೂ ಅವರೇ. ನನ್ನನ್ನು ತಂಗಿ ಎಂದು ಕರೆಯುತ್ತಿದ್ದರು. ಅವರ ಮನೆಯಲ್ಲಿ ಜೋಳದ ರೊಟ್ಟಿ ಮಾಡಿದ ದಿನ ನನಗೊಂದು ಡಬ್ಬಿ ಬರುತ್ತಿತ್ತು. ಮನೆಯಲ್ಲಿ ಮಗಳು ನನ್ನ ಕನ್ನಡಕ್ಕೆ ಗುಜರಾತಿಯಲ್ಲಿ ಉತ್ತರ ಕೊಡುತ್ತಿದ್ದ ಆ ವರ್ಷಗಳಲ್ಲಿ, ಅವರ ಕೋಣೆಗೆ ಹೋಗಿ ಕೂತರೆ ತವರಿಗೆ ಹೋದಂತಾಗುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಹೇಳುವಾಗ ಸಿಟ್ಟು ಬಂದು ಇದು ಮರೆತುಹೋಗಬಹುದು.

ನಮ್ಮ ಯೋಜನೆಗೆ ಸರ್ಕಾರದ ಒಂದು ಇಲಾಖೆಯ ನೆರವಿತ್ತು. ಅವರು ಬಯಸಿದರೆ ನಮ್ಮ ಮೂಲ ಕಾಗದಗಳನ್ನು ತರಿಸಿಕೊಂಡು ನೋಡಬಹುದು ಎಂಬ ಷರತ್ತೂ ಇತ್ತು. ಹೆಂಗಸರ ಹೆಸರಿನ ಬದಲು ನಾನು ಅಂಕಿ ಹಾಕುತ್ತಿದ್ದೆ ನಿಜ, ಆದರೆ ಯಾವ ಅಂಕಿ ಯಾರದು ಎಂದು ಎಲ್ಲಾದರೂ ಬರೆದಿಡಲೇಬೇಕಲ್ಲ. ಜೊತೆಗೆ, ವರದಿಗೆ ಹೋಗಬಾರದ ಮಾತುಗಳೂ ಇರುತ್ತಿದ್ದವು. ಏನು ಮಾಡಲಿ ಎಂದು ಪ್ರೊಫೆಸರರನ್ನು ಕೇಳಿದೆ.

"ಕನ್ನಡದಾಗ ಬರಿ ತಂಗಿ," ಎಂದರು. "ಈ ಬಿಲ್ಡಿಂಗಿನಾಗ ಯಾರಿಗೂ ಓದ್ಲಿಕ್ಕೆ ಬರೂದಿಲ್ಲ."

ಇಬ್ಬರೂ ನಕ್ಕೆವು. ಎಂಥ ಸುಲಭದ ಉಪಾಯ ಎನಿಸಿತು. ವಿಧಾನದ ಅಧ್ಯಾಯದಲ್ಲಿ ಅದನ್ನೇ ಗತ್ತಿನಿಂದ ಬರೆದೆ: ಮೂಲ ಟಿಪ್ಪಣಿಗಳನ್ನು ಅಧ್ಯಯನ ಪ್ರದೇಶದಲ್ಲಿ ಯಾರೂ ಅರಿಯದ ಲಿಪಿಯಲ್ಲಿ ಇಡಲಾಗಿದೆ. ಆ ಸಾಲನ್ನು ಬರೆದವಳ ಕೆನ್ನೆಗೆ ಎರಡು ಬಾರಿಸಬೇಕು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಆ ಸಲದ ಚಳಿಗಾಲದಲ್ಲಿ ನನ್ನ ಪಾಲಿಗೆ ಬಂದದ್ದು ಹಜೀರಾ ಕಡೆಯ ಒಂದು ಹಳ್ಳಿ. ಸೂರತ್‌ನಲ್ಲಿಳಿದು ಬಸ್ಸು ಹಿಡಿದರೆ, ಕಾರ್ಖಾನೆಗಳ ಬೇಲಿ ಮುಗಿದು ಊರು ಶುರುವಾಗುವ ಕಡೆ ಡ್ರೈವರ್ ನಿಲ್ಲಿಸುತ್ತಿದ್ದ. ಅಲ್ಲಿಯ ಸರಪಂಚ, ಅಂದರೆ ಪಂಚಾಯಿತಿಯ ಅಧ್ಯಕ್ಷೆ, ಮೀಸಲಾತಿಯಿಂದ ಗೆದ್ದ ಹೆಂಗಸು. ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದಳು. ಗಂಡ ಉಧ್ನಾದ ಮಗ್ಗದ ಕಾರ್ಖಾನೆಯೊಂದರಲ್ಲಿದ್ದು ಭಾನುವಾರ ಮಾತ್ರ ಊರಿಗೆ ಬರುತ್ತಿದ್ದ. ಮೊದಲ ಎರಡು ಭೇಟಿಯಲ್ಲಿ ಆಕೆಯ ಮನೆಯ ತೂಗುಮಂಚದ ಮೇಲೆ ಉಪಸರಪಂಚ ಕಾಲು ಆಡಿಸುತ್ತ ಕೂತಿದ್ದ. ನಾನು ಆಕೆಯನ್ನು ಕೇಳಿದರೆ ಉತ್ತರ ತೂಗುಮಂಚದಿಂದ ಬರುತ್ತಿತ್ತು. ಎಲ್ಲ ಚೆನ್ನಾಗಿದೆ, ಬೆನ್‌ಗೆ ನಾವಿದ್ದೇವೆ ಎನ್ನುತ್ತಿದ್ದ. ಅಲ್ಲಿ ಹೆಂಗಸರನ್ನೆಲ್ಲ ಬೆನ್ ಎನ್ನುತ್ತಾರೆ, ಅಂದರೆ ಅಕ್ಕತಂಗಿ. ಅವನ ಬಾಯಲ್ಲಿ ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು.

ಮೂರನೇ ಸಲ ಹೋದಾಗ ಅವನಿರಲಿಲ್ಲ. ಆಕೆ ಹಿತ್ತಿಲಲ್ಲಿ ಒಂದು ಮೊರದ ತುಂಬ ಪಾಪಡಿ ಬಿಡಿಸುತ್ತಿದ್ದಳು. ಸೂರತ್‌ನವರು ಚಳಿಗಾಲದಲ್ಲಿ ಪ್ರಾಣ ಬಿಡುವ ಕಾಯಿ ಅದು. ನೋಡಿದರೆ ನಮ್ಮ ಅವರೆಯೇ. ನಾನು ನೋಟ್‌ಬುಕ್ಕು ಬದಿಗಿಟ್ಟು ಬಿಡಿಸಲು ಕೂತೆ. ತುಮಕೂರಿನಲ್ಲಿ ಹುಟ್ಟಿದವಳಿಗೆ ಆ ಕೆಲಸ ಹೇಳಿಕೊಡಬೇಕಾಗಿಲ್ಲ. ನನ್ನ ಕೈ ಓಡುವುದನ್ನು ಆಕೆ ಸ್ವಲ್ಪ ಹೊತ್ತು ನೋಡಿದಳು. ನಿಮ್ಮ ಕಡೆಯೂ ಇದು ಇದೆಯಾ ಎಂದು ಕೇಳಿದಳು. ಇದೆ, ನಾವು ಹಿದುಕಿ ತಿನ್ನುತ್ತೇವೆ ಎಂದೆ. ಅಷ್ಟು ಕಷ್ಟಪಟ್ಟು ತಿನ್ನುವ ಜನವೂ ಇದ್ದಾರೆಯೇ ಎಂದು ನಕ್ಕಳು. ಅದಾದ ಮೇಲೆ ಮಾತು ಬಂತು.

ಪಂಚಾಯಿತಿಯ ನಿರ್ಣಯಗಳನ್ನು ಬರೆಯುವುದು ಠರಾವು ಪುಸ್ತಕದಲ್ಲಿ. ಪ್ರತಿ ಠರಾವಿನ ಕೆಳಗೆ ಸರಪಂಚರ ಸಹಿ ಇರಬೇಕು. ಗೆದ್ದ ಹೊಸದರಲ್ಲಿ ಒಂದು ಮಧ್ಯಾಹ್ನ ಉಪಸರಪಂಚ ಮತ್ತು ತಲಾಟಿ, ಅಂದರೆ ಊರಿನ ಲೆಕ್ಕಿಗ, ಪುಸ್ತಕ ಹಿಡಿದು ಮನೆಗೆ ಬಂದರಂತೆ. ಆಕೆ ರೊಟ್ಟಿ ಬೇಯಿಸುತ್ತಿದ್ದಳು. ಖಾಲಿ ಹಾಳೆಗಳಿಗೆ ಸಹಿ ಹಾಕು ಎಂದರು. ಇದರ ಮೇಲೆ ಏನು ಬರೆಯುತ್ತೀರಿ ಎಂದು ಕೇಳಿದ್ದಕ್ಕೆ, ಆಮೇಲೆ ತುಂಬಿಕೊಳ್ಳುತ್ತೇವೆ ಎಂದರು. ಹೀಗೆ ಹನ್ನೊಂದು ಹಾಳೆ. ಊರಿನ ಗೋಮಾಳವನ್ನು ಒಂದು ಕಂಪನಿಯ ಕಾಲೊನಿಗೆ ಬಿಟ್ಟುಕೊಡುವ ಠರಾವು ಅವುಗಳಲ್ಲೊಂದರ ಮೇಲೆ ಬರೆಯಲಾಗಿದೆ ಎಂದು ಆಕೆಗೆ ಗೊತ್ತಾದದ್ದು, ಗೋಮಾಳದಲ್ಲಿ ಅಳತೆಯವರು ಗೂಟ ಹೊಡೆಯಲು ಬಂದಾಗ.

ನಾನು ಇಂಥ ಕಥೆಯನ್ನು ಆ ಹೊತ್ತಿಗೆ ಬೇರೆ ಊರುಗಳಲ್ಲೂ ಕೇಳಿದ್ದೆ. ಆದರೆ ಇಲ್ಲಿಗೇ ಮುಗಿಯಲಿಲ್ಲ. ಆಕೆ ಮೊರವನ್ನು ಪಕ್ಕಕ್ಕೆ ಸರಿಸಿ, ದನಿ ತಗ್ಗಿಸಿ ಹೇಳಿದ ಮಾತನ್ನು ನಾನು ಕನ್ನಡದಲ್ಲಿ ಬರೆದುಕೊಂಡೆ. ಆಕೆಯ ಗುಜರಾತಿ ನನ್ನ ನೋಟ್‌ಬುಕ್ಕಿನಲ್ಲಿ ತುಮಕೂರಿನ ಮಾತಾಗಿ ಇಳಿಯುತ್ತಿತ್ತು:

"ನಾನೇನ್ ದಡ್ಡಿ ಅಲ್ಲ ಬೆನ್. ಆ ಹನ್ನೊಂದು ಹಾಳೇಲೂ ನನ್ ಹೆಸರಿನ್ ಪಕ್ಕ ಗಂಡನ್ ಹೆಸರು ಹಾಕಿಲ್ಲ. ನಮ್ಮಪ್ಪನ್ ಹೆಸರು ಹಾಕಿದೀನಿ. ಯಾರೂ ನೋಡ್ಲಿಲ್ಲ."

ಗುಜರಾತಿನಲ್ಲಿ ಹೆಣ್ಣಿನ ಹೆಸರಿನ ಪಕ್ಕ ಮದುವೆಯವರೆಗೆ ಅಪ್ಪನ ಹೆಸರು, ಮದುವೆಯಾದ ಮೇಲೆ ಗಂಡನ ಹೆಸರು. ಓದಿ ನೋಡಿ ಸಹಿ ಹಾಕಿದ ಠರಾವುಗಳಲ್ಲೆಲ್ಲ ಆಕೆ ಗಂಡನ ಹೆಸರಿನ ಸಹಿ ಹಾಕಿದ್ದಳು. ಖಾಲಿ ಹಾಳೆಗೆ ಮಾತ್ರ ಶಾಲೆಯಲ್ಲಿ ಕಲಿತ ಹಳೆಯ ಸಹಿ. ಮುಂದಿನ ಗ್ರಾಮಸಭೆಯಲ್ಲಿ, ಊರವರೆಲ್ಲ ಕೂತಿರುವಾಗ, ಪುಸ್ತಕ ತೆರೆಸಿ ತೋರಿಸುವುದು ಆಕೆಯ ಯೋಚನೆ. ಎಲ್ಲಿ ನನ್ನ ಅಪ್ಪನ ಹೆಸರಿದೆಯೋ ಆ ಹಾಳೆ ನಾನು ಸಹಿ ಹಾಕಿದಾಗ ಖಾಲಿಯಿತ್ತು ಎಂದು ಹೇಳುವುದು. ತಲಾಟಿಗೆ ಕಣ್ಣುಜ್ಜಿಕೊಳ್ಳಲೂ ಸಮಯ ಸಿಗುವುದಿಲ್ಲ. ಅಲ್ಲಿಯವರೆಗೆ ಒಂದು ಪಿಳ್ಳೆಗೂ ತಿಳಿಯಬಾರದು. ಗಂಡನಿಗೂ ಹೇಳಿರಲಿಲ್ಲ.

ಸಂವಿಧಾನದ ತಿದ್ದುಪಡಿಯ ಬಗ್ಗೆ ನಾನು ಓದಿದ ಗ್ರಂಥಗಳನ್ನೆಲ್ಲ ಆ ಮೊರದ ಪಕ್ಕ ಗುಡ್ಡೆ ಹಾಕಬಹುದಿತ್ತು. ಬರೆದುಕೊಳ್ಳುವುದನ್ನು ನೋಡಿ ಆಕೆ, ಇದು ಯಾವ ಅಕ್ಷರ ಎಂದಳು. ಕನ್ನಡ ಎಂದೆ. ಇಲ್ಲಿ ಇದು ಯಾರಿಗೂ ಓದಲು ಬರುವುದಿಲ್ಲ, ಹೆದರಬೇಡಿ ಎಂದೂ ಸೇರಿಸಿದೆ. ಹಾಗಾದರೆ ಸರಿ ಎಂದು ಮತ್ತೆ ಮೊರ ಎಳೆದುಕೊಂಡಳು.

ಅಹಮದಾಬಾದಿಗೆ ಮರಳಿ ನೋಟ್‌ಬುಕ್ಕನ್ನು ಬೀರುವಿನಲ್ಲಿಟ್ಟೆ. ಹೊಟ್ಟೆಯಲ್ಲಿ ಗುಟ್ಟು ನಿಲ್ಲದೆ ಪ್ರೊಫೆಸರರಿಗೆ, ಒಂದು ದೊಡ್ಡ ಸಂಗತಿ ಸಿಕ್ಕಿದೆ ಸರ್, ಆದರೆ ಗ್ರಾಮಸಭೆ ಮುಗಿಯುವವರೆಗೆ ಬಾಯಿ ಬಿಡುವ ಹಾಗಿಲ್ಲ ಎಂದೆ. ಅವರು ಕೈಯೆತ್ತಿ ತಡೆದು, ಹಾಗಿದ್ದರೆ ನನಗೂ ಹೇಳಬೇಡ ಎಂದರು. ಆ ಸಂಯಮಕ್ಕೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ಆಗ ಅವರು ಪಂಚಾಯಿತಿ ಕಾನೂನಿನ ಸುಧಾರಣೆಗೆಂದು ರಚನೆಯಾಗುತ್ತಿದ್ದ ಒಂದು ಸಮಿತಿಗೆ ಸೇರುವವರಿದ್ದರು. ಇಲಾಖೆಯವರ ಜೊತೆ ದಿನವೂ ಓಡಾಟವಿತ್ತು.

ಗ್ರಾಮಸಭೆಗೆ ಇನ್ನು ಕೆಲವು ದಿನಗಳಿರುವಾಗ ನಾನು ಮತ್ತೆ ಆ ಊರಿಗೆ ಹೋದೆ. ಬಾಗಿಲಲ್ಲಿ ಆಕೆ ಎಂದಿನಂತೆ ನೀರು ತಂದುಕೊಟ್ಟಳು. ಕುಡಿದು ಲೋಟ ಕೆಳಗಿಡುವುದನ್ನೇ ಕಾದಿದ್ದು ಒಂದು ಕಾಗದವನ್ನು ಕೈಗಿತ್ತಳು. ತಾಲ್ಲೂಕು ಕಚೇರಿಯ ನೋಟಿಸು. ಸರಪಂಚರು ತಮ್ಮ ಕಾನೂನುಬದ್ಧ ಹೆಸರನ್ನು ಬಿಟ್ಟು ತಂದೆಯ ಹೆಸರು ಬಳಸಿ ಸರ್ಕಾರಿ ದಾಖಲೆಗೆ ತಪ್ಪು ಸಹಿ ಹಾಕಿದ್ದಾರೆ. ವಿಚಾರಣೆ ಮುಗಿಯುವವರೆಗೆ ಅಧಿಕಾರ ಉಪಸರಪಂಚರಿಗೆ. ಠರಾವು ಪುಸ್ತಕವನ್ನು ಆಗಲೇ ಒಯ್ದಿದ್ದರು. ಸಂಶಯದ ಠರಾವುಗಳನ್ನು ಬರುವ ಸಭೆಯಲ್ಲಿ ಹೊಸದಾಗಿ, ಸರಿಯಾದ ಸಹಿಯೊಂದಿಗೆ, ಅಂಗೀಕರಿಸಬಹುದು ಎಂದೂ ಸೂಚನೆಯಿತ್ತು. ಅಂದರೆ ಗೋಮಾಳ ಹೋದಂತೆಯೇ.

ಆಕೆ ಅಳಲಿಲ್ಲ, ಬೈಯಲಿಲ್ಲ. "ನಾನು ಹೇಳಿದ್ದು ನಿಮಗೊಬ್ರಿಗೇ ಬೆನ್," ಎಂದಳು.

ಇಲ್ಲ, ನಾನು ಯಾರಿಗೂ ಹೇಳಿಲ್ಲ ಎಂದೆ. ಬಾಯಿಂದ ಮಾತು ಬೀಳುವಾಗಲೇ ಬೀರುವಿನ ಎರಡನೇ ಕೀಲಿಕೈ ಕಣ್ಣ ಮುಂದೆ ಬಂತು. ಛೇ, ಅಂಥ ಮನುಷ್ಯರಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ವಾಪಸು ಬರುವಾಗ ಬಸ್ಸಿನಲ್ಲೂ ರೈಲಿನಲ್ಲೂ ಅದನ್ನೇ ಹೇಳಿಕೊಂಡೆ.

ಮರುದಿನ ಬೀರು ತೆರೆದೆ. ನೋಟ್‌ಬುಕ್ಕು ಇಟ್ಟಲ್ಲೇ ಇತ್ತು. ತೆಗೆದು ನೋಡಿದರೆ ಆಕೆಯ ಮಾತಿರುವ ಪುಟದ ಅಂಚಿನಲ್ಲಿ ಪೆನ್ಸಿಲಿನ ಒಂದು ಸಣ್ಣ ಗೆರೆ. ಓದುವಾಗ ಮುಖ್ಯವೆನಿಸಿದ ಕಡೆ ಪೆನ್ಸಿಲಿನಲ್ಲಿ ಹಗುರವಾಗಿ ಗೆರೆ ಎಳೆಯುವುದನ್ನು ನನಗೆ ಕಲಿಸಿದವರೇ ಅವರು. ನಾನು ಅವರ ಕುರ್ಚಿಯಲ್ಲೇ ಕೂತೆ. ಅವರು ಅಂದು ಸಂಸ್ಥೆಗೆ ಬಂದಿರಲಿಲ್ಲ. ವಡೋದರಾದಲ್ಲಿ ವಿಚಾರ ಸಂಕಿರಣವಿತ್ತು, ತಳಮಟ್ಟದ ಪ್ರಜಾಪ್ರಭುತ್ವದ ಬಗ್ಗೆ ಅವರದೇ ಮುಖ್ಯ ಭಾಷಣ.

ಅಲ್ಕಾಪುರಿಯ ಒಂದು ಹೋಟೆಲಿನ ಸಭಾಂಗಣ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ನಾನು ತಲುಪುವಾಗ ಭಾಷಣ ಮುಗಿದು ಊಟ ನಡೆದಿತ್ತು. ಅವರು ತಟ್ಟೆ ಹಿಡಿದು ಇಲಾಖೆಯ ಅಧಿಕಾರಿಯೊಬ್ಬರ ಜೊತೆ ನಿಂತಿದ್ದರು. ನನ್ನನ್ನು ಕಂಡು ಬಾ ತಂಗಿ, ಊಟ ಮಾಡು ಎಂದರು. ಸುತ್ತಮುತ್ತ ಇದ್ದವರಿಗೆ ತಿಳಿಯದಿರಲಿ ಎಂದು ನಾನು ಕನ್ನಡದಲ್ಲೇ ಕೇಳಿದೆ. ಎಂಥ ಅಭ್ಯಾಸ ನೋಡಿ.

"ಹೌದು, ಓದೀನಿ," ಎಂದರು. ತಡವರಿಸಲಿಲ್ಲ. ತಟ್ಟೆಯನ್ನು ಮೇಜಿನ ಮೇಲಿಟ್ಟು ನನ್ನನ್ನು ಕಿಟಕಿಯ ಹತ್ತಿರ ಕರೆದರು. "ಕಾನೂನಿನಾಗ ಹೊಸಾ ಕಲಮು ಸೇರಿಸಬೇಕಂದ್ರ ಒಂದು ಉದಾಹರಣಿ ಬೇಕಾಗ್ತದ. ಗ್ರಾಮಸಭಾದಾಗ ಓದಿ ಹೇಳದ ಠರಾವು ನಡಿಯೂದಿಲ್ಲ ಅಂತ ಕಲಮು ತರಾಕತ್ತೀವಿ. ಇಡೀ ರಾಜ್ಯಕ್ಕ. ನಿನ್ನ ಆ ಹೆಣ್ಮಗಳ ಕಥಿ ಕೇಳಿ ಇಲಾಖೆಯವರು ಒಪ್ಪಿದ್ರು."

ಅವಳ ಹೆಸರು ಹೇಳಿದಿರಾ ಎಂದೆ.

"ಹೆಸರು ಎಲ್ಲಿ ಹೇಳೀನಿ? ಯಾವ ಊರಾಗ ಅಂತ ಕೇಳಿದ್ರು, ಊರು ಹೇಳೀನಿ ಅಷ್ಟ."

"ಒಂದೂರಿಗೆ ಎಷ್ಟು ಜನ ಸರಪಂಚರು ಇರ್ತಾರೆ ಸರ್?"

ಅವರು ಕನ್ನಡಕ ತೆಗೆದು ಒರೆಸಿದರು. ಕೆಳಗಿನ ಅಧಿಕಾರಿಗಳು ಹೀಗೆ ಮಾಡುತ್ತಾರೆಂದು ತನಗೆ ಗೊತ್ತಿರಲಿಲ್ಲ, ಅದು ದುರದೃಷ್ಟ ಎಂದರು. ಆದರೆ ಒಂದು ಕುರ್ಚಿ ಹೋದರೂ ಸಾವಿರ ಹೆಣ್ಣುಮಕ್ಕಳ ಕುರ್ಚಿ ಗಟ್ಟಿಯಾಗುತ್ತದೆ, ಸಂಶೋಧಕಿಯಾಗಿ ನೀನು ಅದನ್ನು ನೋಡಬೇಕು ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಆ ಕಲಮನ್ನು ನಿಜವಾಗಿಯೂ ನಂಬಿದ್ದರು. ಅದರ ಜೊತೆಗೆ ಬಂದ ಸಮಿತಿಯ ಕುರ್ಚಿಯನ್ನೂ ನಂಬಿದ್ದರು. ಯಾರಿಗೂ ಓದಲು ಬರುವುದಿಲ್ಲ ಎಂದು ನೀವೇ ಹೇಳಿದ್ದಿರಿ ಎಂದೆ, ಚಿಕ್ಕ ಮಕ್ಕಳ ಹಾಗೆ.

"ನನಗ ಬರ್ತದ ಅಂತ ನಿನಗ ಗೊತ್ತಿತ್ತಲ್ಲ," ಎಂದರು.

ಗೊತ್ತಿತ್ತು. ಯಾರೂ ಎಂಬ ಮಾತನ್ನು ಬರೆಯುವಾಗ ಅವರನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕನ್ನಡ ಬಲ್ಲವರು ನಮ್ಮವರು, ನಮ್ಮವರಿಂದ ಬೀಗ ಹಾಕಿಕೊಳ್ಳಬೇಕಾಗಿಲ್ಲ ಎಂದುಕೊಂಡದ್ದು ನನ್ನ ತಪ್ಪು. ಊರಿನಲ್ಲೇ ಇದ್ದಿದ್ದರೆ ಇಂಥ ತಪ್ಪು ಮಾಡುತ್ತಿರಲಿಲ್ಲ. ಅಲ್ಲಿ ಕನ್ನಡ ಎಲ್ಲರಿಗೂ ಬರುತ್ತದೆ.

ವಿಚಾರಣೆಗೆ ಮುಂಚೆ ನನ್ನ ಮುಂದೆ ಒಂದೇ ದಾರಿಯಿತ್ತು. ಅಪ್ಪನ ಹೆಸರಿನ ಸಹಿ ಏಕೆಂದು ಆಕೆ ನೋಟಿಸಿಗೆ ಮುಂಚೆಯೇ ಹೇಳಿದ್ದಳು ಎಂಬುದಕ್ಕೆ ಸಾಕ್ಷಿ ನನ್ನ ನೋಟ್‌ಬುಕ್ಕು. ಅದನ್ನು ಹಾಜರು ಮಾಡಿದರೆ ಗುಟ್ಟು ಕಾಯುವ ನಮ್ಮ ಕಸುಬಿನ ಮೊದಲ ನಿಯಮ ಮುರಿಯುತ್ತದೆ. ಇಡೀ ನೋಟ್‌ಬುಕ್ಕು ಕೊಟ್ಟರೆ ಬೇರೆ ಊರುಗಳ ಹೆಂಗಸರೂ ಸಿಕ್ಕಿಬೀಳುತ್ತಾರೆ. ನಾನು ಊರಿಗೆ ಹೋಗಿ ಆಕೆಯನ್ನೇ ಕೇಳಿದೆ. ಕೊಡಿ, ಇನ್ನು ಮುಚ್ಚಿಡಲು ಏನಿದೆ ಎಂದಳು. ವಡೋದರಾದ ಮನೆಯಲ್ಲಿ ನೋಟ್‌ಬುಕ್ಕಿನ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚಿ ಆಕೆಯ ಪುಟಗಳನ್ನಷ್ಟೇ ಬೇರೆ ಮಾಡಿದೆ. ಗುಜರಾತಿಗೆ ಅನುವಾದ ಮಾಡಿ ಜೊತೆಗಿಟ್ಟೆ. ಬೀರುವಿನ ಕೀಲಿಕೈಯನ್ನು ಪ್ರೊಫೆಸರರ ಮೇಜಿನ ಮೇಲೆ ಬಿಟ್ಟು, ವರದಿಯಿಂದ ನನ್ನ ಹೆಸರು ತೆಗೆಯಿರಿ ಎಂದು ಬರೆದುಕೊಟ್ಟೆ. ಅವರು ತಲೆಯೆತ್ತಿ ನೋಡಲಿಲ್ಲ.

ತಾಲ್ಲೂಕು ಕಚೇರಿಯಲ್ಲಿ ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ಒರಟರಲ್ಲ. ಪುಟಗಳನ್ನು ತಿರುಗಿಸಿ ಮುರುಗಿಸಿ ನೋಡಿದರು. ನೀವು ಬರೆದದ್ದಕ್ಕೆ ನೀವೇ ಅನುವಾದ ಮಾಡಿದರೆ ನಡೆಯುವುದಿಲ್ಲ, ಕನ್ನಡ ಬಲ್ಲ ಮಾನ್ಯ ವಿದ್ವಾಂಸರಿಂದ ದೃಢೀಕರಣ ಬೇಕು ಎಂದರು. ತಮ್ಮ ಬಳಿಯಿದ್ದ ಪಟ್ಟಿಯಲ್ಲಿ ಹುಡುಕಿ, ನಿಮ್ಮ ಸಂಸ್ಥೆಯಲ್ಲೇ ಒಬ್ಬರಿದ್ದಾರಲ್ಲ ಎಂದು ಸಂತೋಷಪಟ್ಟರು. ನನಗೆ ನಗು ಬಂತು. ಆ ಕಚೇರಿಯಲ್ಲಿ ಆ ದಿನ ನಕ್ಕವಳು ನಾನೊಬ್ಬಳೇ ಇರಬೇಕು.

ಪ್ರೊಫೆಸರರ ಪತ್ರ ಎರಡೇ ವಾಕ್ಯದ್ದು. ಅನುವಾದ ಸರಿಯಾಗಿದೆ. ಆದರೆ ಈ ಟಿಪ್ಪಣಿಗಳು ನಿಗದಿತ ನಮೂನೆಯಲ್ಲಿಲ್ಲದ ಕಾರಣ ಮತ್ತು ಹೇಳಿಕೆ ಕೊಟ್ಟವರ ಸಹಿ ಇಲ್ಲದ ಕಾರಣ ಸಂಸ್ಥೆಯು ಇವುಗಳ ಹೊಣೆ ಹೊರುವುದಿಲ್ಲ. ಎರಡೂ ನಿಜ. ಹೆಸರು ಮರೆಮಾಚುವ ಸಲುವಾಗಿ ಸಹಿ ತೆಗೆದುಕೊಳ್ಳಬೇಡ ಎಂದು ನನಗೆ ಹೇಳಿಕೊಟ್ಟವರು ಅವರೇ ಎಂಬುದು ಮಾತ್ರ ಪತ್ರದಲ್ಲಿರಲಿಲ್ಲ. ಹೊಣೆಗೇಡಿತನಕ್ಕಾಗಿ ಸರಪಂಚರನ್ನು ಸ್ಥಾನದಿಂದ ತೆಗೆಯಲಾಗಿದೆ ಎಂದು ಆದೇಶ ಬಂತು. ಸಮಿತಿಯ ಆ ಕಲಮು ಕರಡಿನಲ್ಲಿ ಕೆಲಕಾಲವಿದ್ದು, ಮುಂದಿನ ಕರಡಿನಲ್ಲಿ ಕಾಣಲಿಲ್ಲ.

ಕೊನೆಯ ಸಲ ಆ ಊರಿಗೆ ಹೋದಾಗ ಬೇಸಿಗೆ. ಗೋಮಾಳದ ಸುತ್ತ ತಂತಿ ಬೇಲಿ ಬಂದಿತ್ತು. ಆಕೆ ನೀರು ಕೊಟ್ಟಳು. ನಾನು ಕ್ಷಮೆ ಕೇಳಲು ಹೋಗಿದ್ದೆ, ದಾರಿಯುದ್ದಕ್ಕೂ ಗುಜರಾತಿಯಲ್ಲಿ ಮಾತು ಜೋಡಿಸಿಕೊಂಡಿದ್ದೆ. ಆಕೆ ಅದನ್ನು ಪೂರ್ತಿ ಕೇಳಿದಳು. ನಿಮ್ಮ ಸಾಹೇಬರ ಬಗ್ಗೆ ನನಗೇನು ಗೊತ್ತು, ನಾನು ಕಂಡದ್ದು ನಿಮ್ಮನ್ನು ಎಂದಳು. ಆಮೇಲೆ ಒಳಗೆ ಹೋಗಿ ಟ್ರಂಕು ತೆರೆದು, ಶಾಲೆ ಮಕ್ಕಳ ಗೆರೆ ಹಾಳೆಯೊಂದನ್ನು ತಂದು ನನ್ನ ಮುಂದಿಟ್ಟಳು. ಹಾಳೆ ಖಾಲಿಯಿತ್ತು.

"ಕೆಳಗಡೆ ಸೈ ಹಾಕಿ ಬೆನ್," ಎಂದಳು. "ನಿಮ್ಮಪ್ಪನ್ ಹೆಸರಲ್ಲ. ದಿನಾ ಹಾಕೋ ಸೈ."

ನಾನು ಪೆನ್ನು ತೆಗೆದೆ. ಕೈ ಹಾಳೆಯ ಮೇಲೆ ಇಳಿಯಲಿಲ್ಲ. ಬ್ಯಾಂಕಿನವನ ಹೆಂಡತಿ ನಾನು, ಖಾಲಿ ಕಾಗದಕ್ಕೆ ಸಹಿ ಹಾಕುವವಳಲ್ಲ. ಇದರ ಮೇಲೆ ಏನು ಬರೆಯುತ್ತೀರಿ ಎಂದು ಕೇಳಿಯೇಬಿಟ್ಟೆ.

"ಆಮೇಲೆ ತುಂಬ್ಕೋತೀನಿ," ಎಂದಳು.

ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಕೋಪವಿರಲಿಲ್ಲ, ನಾನು ಹೆಂಗಸರನ್ನು ಮೂರನೇ ಸಲ ಭೇಟಿಯಾದಾಗ ನೋಡುತ್ತಿದ್ದ ಹಾಗೆ ನೋಡುತ್ತಿದ್ದಳು. ನನಗೆ ನಾಚಿಕೆಯಾಯಿತು. ಸಹಿ ಹಾಕಿದೆ, ದಿನವೂ ಹಾಕುವುದನ್ನೇ. ಅದರ ಮೇಲೆ ಆಕೆ ಏನು ಬರೆದಳೋ, ಬರೆದಳೋ ಇಲ್ಲವೋ, ನನಗೆ ಇಂದಿಗೂ ತಿಳಿಯದು. ಅಂದು ಅದನ್ನು ನಾಲ್ಕು ಮಡಿಕೆ ಮಾಡಿ ಟ್ರಂಕಿನೊಳಗಿಟ್ಟು ಬೀಗ ಹಾಕಿದಳು. ಆ ಬೀಗಕ್ಕೆ ಒಂದೇ ಕೀಲಿಕೈ ಇತ್ತು, ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.